ಹಾಜರಿ ಹಾಕಿದರೆ ಮೈ ಬೆಳೆಯದು

ಜಿಮ್ಮಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲ ದಿನವೇ ವಾರಕ್ಕೆ ಆರು ದಿನದ ಪಟ್ಟಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಹಂಚಿದರೆ ಎದೆಯ ಸರದಿ ಮತ್ತೆ ಬರುವುದು ಮುಂದಿನ ಸೋಮವಾರ. ಹೊಸಬನ ಸ್ನಾಯು ಎರಡು ಮೂರು ದಿನದಲ್ಲೇ ಚೇತರಿಸಿಕೊಂಡಿರುತ್ತದೆ.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೊಸಬರಿಗೆ ವಾರಕ್ಕೆ 2–3 ದಿನ, ಮಧ್ಯಮರಿಗೆ 3–4, ಪಳಗಿದವರಿಗೆ 4–5 ಎಂದಿತು. ಇದನ್ನು ಬಡ್ತಿಯ ಮೆಟ್ಟಿಲೆಂದು ಓದುವುದೇ ತಪ್ಪು. ಪಳಗಿದವನು ಬೆಳೆಯಲು ಹೆಚ್ಚು ಸೆಟ್ ಎತ್ತಬೇಕು. ಅಷ್ಟು ಕೆಲಸ ಮೂರು ದಿನದಲ್ಲಿ ಹಿಡಿಸದು, ಅದಕ್ಕೇ ದಿನ ಹೆಚ್ಚುತ್ತದೆ. ಹೊಸಬನಿಗೆ ಆ ಗರಜೇ ಇಲ್ಲ. ಆರು ದಿನ ಓಡಾಡಿ ತಿಂಗಳೊಳಗೆ ಬೇಸತ್ತು ಬಿಟ್ಟರೆ, ಕಟ್ಟಿದ ಫೀಸು ಜಿಮ್ಮಿನವರಿಗೆ ಲಾಭ.

ಮೂರು ದಿನ ಇಡೀ ಮೈಗೆ ಕೆಲಸ ಕೊಡಿ. ಉಳಿದ ದಿನ ಚೆನ್ನಾಗಿ ಉಣ್ಣಿ, ಮಲಗಿ.