ಮಕ್ಕಳ ಉಬ್ಬಸಕ್ಕೆ ಮಳೆಯೊಂದೇ ಕಾರಣವೇ?

ಮುಂಗಾರು ಕಾಲಿಟ್ಟ ಕೆಲವೇ ವಾರಗಳಲ್ಲಿ ಮಕ್ಕಳ ಉಬ್ಬಸ ಮರುಕಳಿಸುವುದನ್ನು ಮಲೆನಾಡು, ಅರೆಮಲೆನಾಡುಗಳ ತಾಯಂದಿರು ತಲೆಮಾರುಗಳಿಂದ ಬಲ್ಲರು. ‘ಥಂಡಿ ಹವೆ, ಮಳೆ ನಿಂತರೆ ತಾನಾಗಿ ಹೋಗುತ್ತದೆ’ ಎಂಬುದು ಊರಿನ ಸಮಾಧಾನ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು 2020 ಮತ್ತು 2021ರ ಕೊರೊನಾ ನಿರ್ಬಂಧಗಳು ಬಯಲಿಗೆ ತಂದವು. ಕಾವೇರಿ ದಂಡೆಯ ರಾಮನಾಥಪುರದಂಥ ಊರುಗಳಿಗೆ ಆ ಪಾಠ ಇಂದಿಗೂ ಪ್ರಸ್ತುತ.

ಋತುಗಳು ಆ ವರ್ಷಗಳಲ್ಲಿಯೂ ತಮ್ಮ ಕ್ರಮ ತಪ್ಪಲಿಲ್ಲ. ಬದಲಾದದ್ದು ಮನುಷ್ಯರ ಒಡನಾಟ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ 2020ರ ವಸಂತದಲ್ಲಿ ಉಬ್ಬಸಕ್ಕಾಗಿ ತುರ್ತು ಚಿಕಿತ್ಸೆಗೆ ಬಂದ ಮಕ್ಕಳ ಸಂಖ್ಯೆ ಮುಕ್ಕಾಲು ಪಾಲಿನಷ್ಟು ಇಳಿಯಿತು. ಉತ್ತರ ಅಮೆರಿಕದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ, ಶಾಲೆ ತೆರೆದ ಕೆಲವು ದಿನಗಳ ನಂತರ, ಮಕ್ಕಳ ಉಬ್ಬಸ ಏರುವುದು ವೈದ್ಯರಿಗೆ ಚಿರಪರಿಚಿತ. ಆ ವರ್ಷ ಅದು ಎಂದಿನ ಎತ್ತರಕ್ಕೆ ಏರಲಿಲ್ಲ. ಆಸ್ಪತ್ರೆಯ ಭಯದಿಂದ ಕೆಲವರು ಹಿಂಜರಿದಿರಬಹುದು. ಆದರೆ ಮನೆಯಲ್ಲಿ ತಡೆದುಕೊಳ್ಳಲಾಗದಂಥ ತೀವ್ರ ಉಬ್ಬಸವೂ ಕಡಿಮೆಯಾದದ್ದರಿಂದ ಭಯವೊಂದೇ ಇದಕ್ಕೆ ಉತ್ತರವಾಗದು. ಸಾಮಾನ್ಯ ನೆಗಡಿ ತರುವ ರೈನೋವೈರಸ್ ಒಬ್ಬರಿಂದೊಬ್ಬರಿಗೆ ದಾಟುವುದು ಕಡಿಮೆಯಾಗಿತ್ತು. ನೆಗಡಿಯಿಲ್ಲದ ಮಗುವಿಗೆ ಉಬ್ಬಸವೂ ಅಷ್ಟಾಗಿ ಮರುಕಳಿಸಲಿಲ್ಲ. 2021ರಲ್ಲಿ ನಿರ್ಬಂಧ ಸಡಿಲಗೊಂಡಾಗ ಇನ್ನೊಂದು ವಿಚಿತ್ರ ನಡೆಯಿತು: ಚಳಿಗಾಲದಲ್ಲಿ ಮಕ್ಕಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ಎಂಬ ವೈರಸ್ ಅಮೆರಿಕದಲ್ಲಿ ಬೇಸಿಗೆಯಲ್ಲಿಯೇ ಹರಡಿತು. ರೋಗದ ಋತುವನ್ನು ಪಂಚಾಂಗ ಮಾತ್ರವೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕರ್ನಾಟಕದಲ್ಲಿ ಶಾಲೆ ಆರಂಭವಾಗುವುದೂ ಮುಂಗಾರು ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಆದ್ದರಿಂದ ತರಗತಿಯಲ್ಲಿ ಅಂಟಿದ ನೆಗಡಿಯ ಅಪವಾದವನ್ನೂ ಮಳೆಯೇ ಹೊತ್ತುಕೊಂಡು ಬಂದಿದೆ. ಹವೆಯೊಂದೇ ಕಾರಣವಲ್ಲವೆಂಬುದು ಹೊಸ ಮಾತೂ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಪರಿಶೀಲಿಸಿ, ಅವರಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ಮಳೆಗಾಲವೇನೂ ಮೂರು ಪಟ್ಟಾಗಲಿಲ್ಲ. ಹೆಚ್ಚಿದ್ದು ವಾಹನ, ಹೊಗೆ ಮತ್ತು ದೂಳು.

ಹಾಗಾದರೆ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡರೆ ಉಬ್ಬಸ ತಪ್ಪುವುದೇ? ಇಲ್ಲಿಯೇ ಫಿಲಡೆಲ್ಫಿಯಾಕ್ಕೂ ರಾಮನಾಥಪುರಕ್ಕೂ ಇರುವ ಅಂತರ ಎದ್ದು ಕಾಣುತ್ತದೆ. ಅರಕಲಗೂಡು ತಾಲ್ಲೂಕಿನ ಈ ಭಾಗ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ರಾಮನಾಥಪುರದಲ್ಲಿಯೇ ಇದೆ. ಮೇ, ಜೂನ್ ತಿಂಗಳಲ್ಲಿ ನಾಟಿಯಾದ ಸೊಪ್ಪು ಜುಲೈನಿಂದ ಬ್ಯಾರನ್ ಸೇರುತ್ತದೆ. ಒಂದೊಂದು ತುಂಬಿಗೂ ಐದಾರು ದಿನ ಹಗಲಿರುಳು ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಒಂದು ಕಿಲೊ ಸೊಪ್ಪು ಹದವಾಗಲು ನಾಲ್ಕೈದು ಕಿಲೊ ಸೌದೆ ಉರಿಯುತ್ತದೆ. ಮಳೆಯಲ್ಲಿ ನೆನೆದ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಮೋಡ ಕವಿದ ತೇವದ ಹವೆಯಲ್ಲಿ ಆ ಹೊಗೆ ಮೇಲೇರದೆ ಮನೆಗಳ ಸುತ್ತಲೇ ಕವಿಯುತ್ತದೆ.

ಕೇಂದ್ರ ಸರ್ಕಾರ ಲಾಕ್‌ಡೌನಿನಿಂದ ಕೃಷಿಗೆ ವಿನಾಯಿತಿ ನೀಡಿತ್ತು. ಶಾಲೆ ಮುಚ್ಚಿತು, ಬ್ಯಾರನ್ ಮುಚ್ಚಲಿಲ್ಲ. 2020ರ ಮಾರ್ಚಿನಲ್ಲಿ ಮನೆಗೆ ಬಂದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ ಎರಡು ಬಾರಿ ಸೊಪ್ಪು ಹದ ಮಾಡುವ ಕಾಲ ಬಂದು ಹೋಯಿತು. ಶಾಲೆಯಲ್ಲಿ ಕಳೆಯಬೇಕಿದ್ದ ಹಗಲುಗಳನ್ನು ಮಕ್ಕಳು ಮನೆ, ಹಿತ್ತಿಲುಗಳಲ್ಲಿಯೇ ಕಳೆದರು. 2020ರಲ್ಲಿ ಉಜ್ವಲಾ ಯೋಜನೆಯ ಕುಟುಂಬಗಳಿಗೆ ಮೂರು ಸಿಲಿಂಡರುಗಳು ಉಚಿತವಾಗಿ ದೊರೆತವು. ಆದರೆ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಯ ಒಲೆಗೆ ಸೌದೆ, ತೆಂಗಿನ ಗರಿಗಳೇ ಗತಿ. ನೆಗಡಿಯ ದಾರಿ ಮುಚ್ಚಿದ ಆ ನಿರ್ಬಂಧಕ್ಕೆ ಹೊಗೆಯ ದಾರಿಯನ್ನು ಮುಚ್ಚುವ ಶಕ್ತಿ ಇರಲಿಲ್ಲ.

ಮತ್ತೆ ಶಾಲೆ ಮುಚ್ಚುವುದು ಪರಿಹಾರವಲ್ಲ. ಅದರಿಂದ ಮಕ್ಕಳ ಕಲಿಕೆಗೆ ನಷ್ಟವಾಯಿತು. ಸಣ್ಣ ಹಿಡುವಳಿದಾರನಿಗೆ ನಗದು ತರುವ ಬೆಳೆಯನ್ನು ನಾಳೆಯೇ ಕಿತ್ತೊಗೆಯಿರಿ ಎನ್ನುವುದೂ ನ್ಯಾಯವಲ್ಲ. ಆದರೆ ಇಂದೇ ಮಾಡಬಹುದಾದ ಕೆಲಸಗಳಿವೆ. ಬ್ಯಾರನ್ ಸೌದೆಯನ್ನು ಬೇಸಿಗೆಯಲ್ಲಿಯೇ ಒಣಗಿಸಿ ಸೂರಿನಡಿ ಒಟ್ಟಬೇಕು. ಬ್ಯಾರನ್ನಿನ ಚಾವಣಿಯಿಂದ ಶಾಖ ಸೋರದಂತೆ ಹೊದಿಕೆ ಹಾಕಿ, ಕುಲುಮೆ ಸುಧಾರಿಸಿದರೆ ಸೌದೆಯೂ ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ, ಮಲೆಯ ಮರವೂ ಉಳಿಯುತ್ತದೆ. ಹೊಸ ಬ್ಯಾರನ್ನುಗಳು ಶಾಲೆ, ಅಂಗನವಾಡಿ, ವಸತಿಗಳಿಂದ ದೂರವಿರುವಂತೆ ಗ್ರಾಮಸಭೆ ನಿರ್ಣಯಿಸಬೇಕು. ಶಾಲೆಗಳು ಮಳೆಯ ನೆಪದಲ್ಲಿ ಕಿಟಕಿಗಳನ್ನೆಲ್ಲ ಬಿಗಿಯದೆ ಗಾಳಿಯಾಡಲು ಬಿಡಬೇಕು. ನೆಗಡಿ ಹತ್ತಿದ ಮಗುವಿಗೆ ಎರಡು ದಿನ ರಜೆ ಕೊಡಲು ಹಿಂಜರಿಯಬಾರದು. ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ‘ಚಟವಾಗುತ್ತದೆ’ ಎಂಬ ತಪ್ಪು ಭಯದಿಂದ ಪೋಷಕರು ನಡುವೆಯೇ ನಿಲ್ಲಿಸಬಾರದು.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಉಬ್ಬಸದಿಂದ ಗೈರಾದ ಸಹಪಾಠಿಗಳ ಸಂಖ್ಯೆ, ಅಂದಿನ ಮಳೆ, ಊರಿನಲ್ಲಿ ಉರಿಯುತ್ತಿದ್ದ ಬ್ಯಾರನ್ನುಗಳ ಸಂಖ್ಯೆ, ಈ ಮೂರನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ಹೆಸರುಗಳು ಬೇಡ. ಮೂರು ವರ್ಷಗಳ ಅಂಥ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟರೆ, ಮಳೆಯ ಪಾಲೆಷ್ಟು, ಹೊಗೆಯ ಪಾಲೆಷ್ಟು ಎಂಬ ಚರ್ಚೆಗೆ ಗಟ್ಟಿ ನೆಲೆ ದೊರೆಯುತ್ತದೆ. ಮಳೆಯನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಹೊಗೆಯನ್ನು ತಗ್ಗಿಸುವುದು ಊರಿನ ಕೈಯಲ್ಲಿಯೇ ಇದೆ.