ತಾತ ಹೇಳಿದ ರಾಕ್ಷಸರು
ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಈ ವಾರ ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ‘ರಾತ್ರಿ ಹೊತ್ತು ಇಂಥದ್ದೆಲ್ಲ ಓದಿ ಹೆದರ್ಕೋಬೇಡ’ ಅಂತ ಅಕ್ಕ ಗದರುತ್ತಿದ್ದಳು. ಅಮೆರಿಕದ ರ‍್ಯಾನ್ಸಮ್ ರಿಗ್ಸ್ ಬರೆದ, 2011ರಲ್ಲಿ ಬಂದ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪಿಕ್ಯೂಲಿಯರ್ ಚಿಲ್ಡ್ರನ್’ ಅದು. ಓದಲಿ ಬಿಡಕ್ಕ ಅಂದೆ. ಹದಿಹರೆಯದವರಿಗೆಂದು ಬರುವ ಭೂತದ ಕಾದಂಬರಿಗಳ ರಾಶಿಯಲ್ಲಿ ಇದು ಬೇರೆಯೇ. ಸಂಗ್ರಾಹಕರ ಬಳಿಯಿದ್ದ ನಿಜವಾದ ಹಳೇ ಫೋಟೊಗಳನ್ನು ಹೆಕ್ಕಿ ರಿಗ್ಸ್ ಕಥೆ ಕಟ್ಟಿದ್ದಾರೆ. ಮುಖಪುಟದ ಹುಡುಗಿಯನ್ನೇ ನೋಡಿ: ತಲೆಗೆ ಕಿರೀಟ, ನಗುವಿಲ್ಲದ ಮುಖ, ಕೆಳಗೆ ಕಣ್ಣು ಹಾಯಿಸಿದರೆ ಪಾದ ನೆಲಕ್ಕೆ ತಾಗಿಯೇ ಇಲ್ಲ! ಇದೇ ಕಾದಂಬರಿಯಿಂದ 2016ರಲ್ಲಿ ಟಿಮ್ ಬರ್ಟನ್ ತೆಗೆದ ಸಿನಿಮಾದ ಗದ್ದಲ, ಅಲ್ಲಾಡದೆ ನಿಂತ ಈ ಹುಡುಗಿಯಷ್ಟು ಕಾಡುವುದಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಥೆಯೊಳಗಿನ ತಾತ. ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಬದುಕುಳಿದ ಒಬ್ಬನೇ ಒಬ್ಬ, ಮೊಮ್ಮಗ ಜೇಕಬ್‌ಗೆ ರಾಕ್ಷಸರ ಕಥೆ ಹೇಳುತ್ತಾನೆ. ಬೆಳೆದ ಹುಡುಗ ಆ ರಾಕ್ಷಸರು ನಾಜಿಗಳೇ ಅಂದುಕೊಳ್ಳುತ್ತಾನೆ. ತಾತನ ಸಾವು ಆ ತಿಳಿವಳಿಕೆಯನ್ನೂ ಅಲುಗಾಡಿಸುತ್ತದೆ. ಅದರ ಜಾಡು ಹಿಡಿದು ಜೇಕಬ್ ತಲುಪುವ, ವೇಲ್ಸ್‌ನ ದ್ವೀಪದಲ್ಲಿರುವ ಮಕ್ಕಳ ಮನೆಯಲ್ಲಿ 1940ರ ಸೆಪ್ಟೆಂಬರ್ 3 ದಿನವೂ ಮರುಕಳಿಸುತ್ತದೆ, ಜರ್ಮನ್ ಬಾಂಬು ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಕಾಲ ಹಿಂದಕ್ಕೆ ತಿರುಗುತ್ತದೆ. ನಾಜಿಗಳ ಪಾಠವನ್ನು ಅಂಕಕ್ಕಾಗಿ ಉರು ಹೊಡೆದಿದ್ದ ಅಕ್ಕನ ಮಗಳು, ಅರ್ಧ ಪುಸ್ತಕಕ್ಕೆ ತಲೆಯೆತ್ತಿ, ‘ಆ ತಾತನ ಮನೆಯವರನ್ನೆಲ್ಲ ಏನ್ ಮಾಡಿದ್ರು ಮಾವ?’ ಅಂದಳು. ಪಾಠ ಓದುವಾಗ ಇದನ್ನು ಕೇಳಿರಲಿಲ್ಲ. ರಾತ್ರಿ ಲೈಟು ಹಾಕಿಕೊಂಡೇ ಮಲಗಲಿ, ಮುಂದಿನ ಭಾಗ ‘ಹಾಲೋ ಸಿಟಿ’ಯನ್ನು ನಾನೇ ತಂದುಕೊಡುತ್ತೇನೆ.