ಗೇನು ಇಳಿಸಿ, ತಂತಿ ಕೇಳಲಿ
ಬೋರನಕಣಿವೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅಟ್ಟದ ಮೇಲೆ ಕೊಬ್ಬರಿ ಒಣಗುತ್ತಿರುತ್ತದೆ, ಕೆಳಗೆ ನನ್ನ ಎಂಟು ತಂತಿಯ ಗಿಟಾರು. ಮೊದಲ ಸಲ ಆಂಪ್ಲಿಫೈಯರ್ ಹಾಕಿ ಬಾರಿಸಿದಾಗ ದೊಡ್ಡಪ್ಪ ಓಡಿ ಬಂದು, ‘ಏನ್ಲಾ, ಮೋಟ್ರು ಸುಟ್ಟೋಯ್ತಾ?’ ಎಂದಿದ್ದರು. ಆಗ ಸಿಟ್ಟು ಬಂದಿತ್ತು. ಅವರ ಕಿವಿಯೇ ಸರಿ ಎಂದು ಈಗ ಒಪ್ಪುತ್ತೇನೆ.

ಮಾಮೂಲಿ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳನೆಯದು 62, ಎಂಟನೆಯದು ಬರೀ 46. ಅಷ್ಟು ಕೆಳಗಿನ ಸ್ವರಕ್ಕೆ ಗೇನು, ಅಂದರೆ ಆಂಪ್ಲಿಫೈಯರಿನಲ್ಲಿ ತಂತಿಯ ಸದ್ದನ್ನು ಹಿಗ್ಗಿಸುವ ಗುಂಡಿ, ಪೂರ್ತಿ ತಿರುಗಿಸಿದರೆ ಎಲ್ಲ ಕಲಸಿ ಅಂಬಲಿ. ನಮ್ಮ ಹುಡುಗರು ಮಾಡುವುದೇ ಇದು, ಮೇಲೊಂದಿಷ್ಟು ಬೇಸ್ ಬೇರೆ! ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್‌ಗೆ ಮುಂಚೆಯೇ ಬೇಸ್ ಕತ್ತರಿಸಿ, ಗೇನು ಅರ್ಧಕ್ಕಿಳಿಸಿ. ಗಾಳಿ ತಳ್ಳುವ ಕೆಲಸವನ್ನು 12 ಇಂಚಿನ ನಾಲ್ಕು ಸ್ಪೀಕರುಗಳ ಪೆಟ್ಟಿಗೆ ನೋಡಿಕೊಳ್ಳುತ್ತದೆ. ತಳದ ಗುಡುಗು ಬೇಸ್ ಗಿಟಾರಿನವನ ಪಾಲು, ಅವನಿಗೇ ಬಿಡಿ.

ಹಾಗಂತ ಈ ಮೆಟಲ್ ಸಂಗೀತವೆಲ್ಲ ಬರೀ ಗದ್ದಲ ಎನ್ನುವವರ ಜೊತೆ ನನಗೆ ಜಗಳವಿದೆ. ಜಾತ್ರೆಯಲ್ಲಿ ಉರುಮೆ ನರಳಿದರೆ ಮೈ ಜುಮ್ಮೆನ್ನುತ್ತದೆ, ತಂತಿ ನರಳಿದರೆ ಮಾತ್ರ ಕಿವಿ ಮುಚ್ಚಬೇಕೆ? 2007ರಲ್ಲಿ ಮೆಟಲ್ ತಂಡ ಐರನ್ ಮೇಡನ್ ಬಂದಾಗ ಬೆಂಗಳೂರಿನ ಅರಮನೆ ಮೈದಾನ ಕುಣಿದಿತ್ತು. ಬೆಂಗಳೂರಿನದೇ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂತು. ಹಾಗಿರುವಾಗ ನಮ್ಮ ತಿಪಟೂರು, ತುರುವೇಕೆರೆ ಕಡೆಯ ಗಣೇಶೋತ್ಸವಗಳಲ್ಲಿ ಆರ್ಕೆಸ್ಟ್ರಾ ನಡುವೆ ಅರ್ಧ ಗಂಟೆ ನಮಗೂ ಕೊಡಲಿ.

ಹೋದ ವಾರ ಗೇನು ಇಳಿಸಿ ಬಾರಿಸಿದೆ. ದೊಡ್ಡಪ್ಪ ಓಡಿ ಬರಲಿಲ್ಲ. ಕಾಯಿ ಸುಲಿಯುತ್ತಿದ್ದಲ್ಲಿಂದಲೇ, ‘ಇದ್ಯಾವ್ದಲಾ ಉರುಮೆ?’ ಎಂದು ಕೂಗಿದರು.